ಸಪ್ಲೈಯರ್‌ಗೆ ಸೇರಬೇಕಾದ ದುಡ್ಡು

ಚನ್ನಗಿರಿ, ಹೊನ್ನಾಳಿಯಂಥ ಊರುಗಳಲ್ಲಿ ಕೊಂಚ ದೊಡ್ಡ ಹೋಟೆಲಾದರೆ ದರಪಟ್ಟಿ ಎರಡು ಇರುತ್ತದೆ: ಹೊರಗಿನ ಹಾಲ್‌ಗೆ ಒಂದು, ಎಸಿ ಅಥವಾ ಫ್ಯಾಮಿಲಿ ರೂಮಿಗೆ ಇನ್ನೊಂದು. ಅಡುಗೆಮನೆ ಒಂದೇ, ಮಸಾಲೆ ದೋಸೆ ಒಂದೇ, ತಂದಿಡುವ ಹುಡುಗನೂ ಅವನೇ. ಬಾಗಿಲು ದಾಟಿದರೆ ರೇಟು ಹೆಚ್ಚು. ಸರ್ವಿಸ್ ಚಾರ್ಜ್ ಎನ್ನುವುದು ಬೆಂಗಳೂರಿನವರ ತಲೆನೋವು, ನಮ್ಮ ಕಡೆ ಅದಿಲ್ಲ ಎನ್ನುವವರು ಈ ಎರಡನೇ ಪಟ್ಟಿಯನ್ನು ನೋಡಬೇಕು. ಇದು ಮೊದಲೇ ಬರೆದು ಹಾಕಿದ ದರ. ಬೇಡವೆಂದರೆ ಹೊರಗೇ ಕೂರಬಹುದು, ಹಾಗಾಗಿ ಗಿರಾಕಿಗೆ ಮೋಸವಿಲ್ಲ. ನನ್ನ ತಕರಾರು ಬೇರೆ. ಆ ಹೆಚ್ಚಿನ ದುಡ್ಡಿನಲ್ಲಿ ಎರಡೂ ಕಡೆ ಓಡಾಡುವ ಸಪ್ಲೈಯರ್‌ನ ಪಾಲು ಎಷ್ಟು?

ಸರ್ವಿಸ್ ಚಾರ್ಜ್ ಬಗ್ಗೆ ದೆಹಲಿಯಲ್ಲಿ ನಡೆದ ಜಗಳ ಈ ಪ್ರಶ್ನೆಯ ಹತ್ತಿರ ಬಂದು ಪಕ್ಕಕ್ಕೆ ಸರಿಯಿತು. ಬಿಲ್ಲಿಗೆ ತಾವಾಗಿಯೇ ಸರ್ವಿಸ್ ಚಾರ್ಜ್ ಸೇರಿಸಬಾರದು, ಬೇರೆ ಹೆಸರಿನಲ್ಲೂ ವಸೂಲು ಮಾಡಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ಹೋಟೆಲ್ ಮಾಲೀಕರ ಎರಡು ರಾಷ್ಟ್ರೀಯ ಸಂಘಟನೆಗಳು ದೆಹಲಿ ಹೈಕೋರ್ಟಿಗೆ ಹೋಗಿ ಅದೇ ತಿಂಗಳು ತಡೆಯಾಜ್ಞೆ ತಂದವು. 2025ರ ಮಾರ್ಚ್ 28ರಂದು ನ್ಯಾಯಮೂರ್ತಿ ಪ್ರತಿಭಾ ಎಂ. ಸಿಂಗ್ ಮಾರ್ಗಸೂಚಿಯನ್ನು ಎತ್ತಿಹಿಡಿದರು. ಎರಡೂ ಸಂಘಟನೆಗಳು ತಲಾ 1 ಲಕ್ಷ ರೂಪಾಯಿ ವೆಚ್ಚ ತೆರಬೇಕೆಂದರು. ತೀರ್ಪು ಸರಿಯಾಗಿದೆ. ಜಿಎಸ್‌ಟಿಯ ಪಕ್ಕದಲ್ಲೇ ಶೇಕಡಾ ಲೆಕ್ಕದಲ್ಲಿ ಕೂತ ಸರ್ವಿಸ್ ಚಾರ್ಜನ್ನು ಜನ ಸರ್ಕಾರದ ತೆರಿಗೆ ಎಂದೇ ತಿಳಿದು ಕಟ್ಟುತ್ತಿದ್ದರು. ಈ ಹಣ ಕೆಲಸಗಾರರಿಗೆ ಹಂಚಲು ಬೇಕು ಎಂಬ ಮಾಲೀಕರ ವಾದ ನನಗೆ ಒಪ್ಪಿಗೆಯಾಗಲಿಲ್ಲ. ಹಂಚುವ ಮನಸ್ಸಿದ್ದರೆ ಸಂಬಳ ಏರಿಸಿ, ಆ ಖರ್ಚನ್ನು ತಿಂಡಿಯ ದರದಲ್ಲೇ ಸೇರಿಸಬಹುದಿತ್ತು; ಅದಕ್ಕೆ ಯಾವ ಮಾರ್ಗಸೂಚಿಯ ಅಡ್ಡಿಯೂ ಇರಲಿಲ್ಲ.

ನಮ್ಮ ಕಡೆ ಸಪ್ಲೈಯರ್‌ಗೆ ಇದ್ದ ಆಸರೆ ಟಿಪ್ಸ್. ಸೋಂಪಿನ ತಟ್ಟೆಯಲ್ಲಿ ಬಿಲ್ ಬರುತ್ತಿತ್ತು. ಗಿರಾಕಿ ನೋಟು ಇಡುತ್ತಿದ್ದ, ಸಪ್ಲೈಯರ್ ಗಲ್ಲಾದಿಂದ ಚಿಲ್ಲರೆ ತಂದಿಡುತ್ತಿದ್ದ, ಗಿರಾಕಿ ನೋಟು ಎತ್ತಿಕೊಂಡು ಐದೋ ಹತ್ತೋ ರೂಪಾಯಿ ಬಿಟ್ಟು ಸೋಂಪು ಬಾಯಿಗೆ ಹಾಕಿಕೊಂಡು ಏಳುತ್ತಿದ್ದ. ಮನಸ್ಸಿಟ್ಟು ಕೊಟ್ಟದ್ದಕ್ಕಿಂತ ಸಂಕೋಚಕ್ಕೆ ಬಿಟ್ಟ ಚಿಲ್ಲರೆಯೇ ಹೆಚ್ಚು. ಈಗ ಗಲ್ಲಾದ ಮುಂದೆ ಕ್ಯೂಆರ್ ಕೋಡ್ ಇದೆ. 145 ರೂಪಾಯಿ ಬಿಲ್ಲಿಗೆ 145 ರೂಪಾಯಿಯೇ ಮಾಲೀಕರ ಖಾತೆಗೆ ಹೋಗುತ್ತದೆ, ಚಿಲ್ಲರೆಯೇ ಹುಟ್ಟುವುದಿಲ್ಲ. ಕೆಲವರು 150 ಹಾಕಿ ‘ಉಳಿದದ್ದು ಹುಡುಗನಿಗೆ ಕೊಡಿ’ ಎನ್ನುತ್ತಾರೆ. ರಾತ್ರಿ ಲೆಕ್ಕ ಮುಗಿಯುವ ಹೊತ್ತಿಗೆ ಆ ಐದು ರೂಪಾಯಿ ಅವನ ಕೈ ಸೇರಿತೇ ಎಂದು ಕೇಳುವವರಿಲ್ಲ. ಟಿಪ್ಸ್ ಗಿರಾಕಿ ಕೊಡುವುದು, ಮಾಲೀಕ ಕೊಡುವ ಸಂಬಳವಲ್ಲ ಎಂದು ಸುಪ್ರೀಂ ಕೋರ್ಟ್ 2016ರಲ್ಲೇ ಐಟಿಸಿ ಹೋಟೆಲಿನ ಆದಾಯ ತೆರಿಗೆ ಪ್ರಕರಣದಲ್ಲಿ ಹೇಳಿದೆ. ಸಂಬಳ ಕಡಿಮೆ ಕೊಟ್ಟು ‘ಟಿಪ್ಸ್ ಬರುತ್ತಲ್ಲ’ ಎನ್ನುವವರು ಇದನ್ನು ನೆನಪಿಡಬೇಕು.

ಟಿಪ್ಸ್‌ನಲ್ಲಿ ನ್ಯಾಯವೂ ಇರಲಿಲ್ಲ. ಬಾರ್ ಅಂಡ್ ರೆಸ್ಟೋರೆಂಟಿನಲ್ಲಿ ಬಡಿಸುವವನಿಗೆ ಒಂದಿಷ್ಟು ಸಿಗುತ್ತದೆ, ಟೋಕನ್ ಕೊಟ್ಟು ಊಟ ಹಾಕುವ ಹೋಟೆಲಿನವನಿಗೆ ಏನೂ ಇಲ್ಲ. ಟೇಬಲ್ ಒರೆಸುವ ಕ್ಲೀನರ್, ಹಿಂದೆ ನೀರಿನಲ್ಲಿ ಕೈಯಿಟ್ಟು ತಟ್ಟೆ ತೊಳೆಯುವ ಹೆಂಗಸು, ಕಾವಲಿ ಮುಂದೆ ಬೇಯುವ ದೋಸೆ ಭಟ್ಟರು ಗಿರಾಕಿಯ ಕಣ್ಣಿಗೇ ಬೀಳುವುದಿಲ್ಲ.

ಮೂಲ ಪ್ರಶ್ನೆ ಸಂಬಳದ್ದು. ಹೋಟೆಲ್ ಕೆಲಸಕ್ಕೆ ರಾಜ್ಯ ಸರ್ಕಾರ ಕನಿಷ್ಠ ವೇತನ ನಿಗದಿ ಮಾಡಿದೆ. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ವಾರಕ್ಕೊಂದು ರಜೆ ಎನ್ನುತ್ತದೆ 1961ರ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ. ಆದರೆ ಬೆಳಿಗ್ಗೆ ಇಡ್ಲಿಗೆ ನಿಂತವನೇ ರಾತ್ರಿ ಕೊನೆಯ ಗಿರಾಕಿಗೂ ನೀರು ಇಡುವುದು ನಮಗೆಲ್ಲ ಮಾಮೂಲಾಗಿಬಿಟ್ಟಿದೆ. ಕೇಳಿದರೆ ‘ಊಟ ಹಾಕ್ತೀವಿ, ಮಲಗಾಕೆ ಜಾಗ ಕೊಟ್ಟೀವಿ’ ಎಂಬ ಉತ್ತರ. ಅದೇ ಮಾಲೀಕರು ‘ಹುಡುಗ್ರು ಸಿಗ್ತಿಲ್ಲ’ ಎಂದೂ ಗೋಳಾಡುತ್ತಾರೆ. ಹೇಗೆ ಸಿಗಬೇಕು? ಚನ್ನಗಿರಿ, ನ್ಯಾಮತಿ ಕಡೆ ಅಡಿಕೆ ಕೊಯ್ಲು ಶುರುವಾದರೆ ಕೊಯ್ಯಲು, ಸುಲಿಯಲು ಜನ ಬೇಕು. ಅಲ್ಲಿ ದುಡಿದವರು ಕೂಲಿ ಎಣಿಸಿಕೊಂಡು ಸಂಜೆ ಮನೆ ಸೇರುತ್ತಾರೆ. ಮಳೆ ನಂಬಿದ ಜಗಳೂರು ಸೀಮೆಯಲ್ಲಿ ಅಂಥ ತೋಟಗಳು ಕಡಿಮೆ. ಅಲ್ಲಿಯವರು ಗುಳೆ ಹೋಗುವುದಾದರೆ ಬೆಂಗಳೂರಿನಂಥ ದೂರದ ಊರಿಗೇ ಹೋಗುತ್ತಾರೆ.

ದೋಸೆಗೆ ಐದು ರೂಪಾಯಿ ಏರಿಸಿದರೆ ಗಿರಾಕಿ ಪಕ್ಕದ ಗಾಡಿಗೆ ಹೋಗುತ್ತಾನೆ ಎಂಬ ಭಯ ಸಣ್ಣ ಹೋಟೆಲಿನವರಿಗೆ ನಿಜವಾಗಿಯೂ ಇದೆ. ಆದರೆ ಗ್ಯಾಸ್, ಎಣ್ಣೆ, ಬೆಣ್ಣೆ, ಕಾಫಿಪುಡಿ ದುಬಾರಿಯಾದಾಗಲೆಲ್ಲ ಅವರು ರೇಟು ಏರಿಸಿದ್ದಾರೆ. ಜನ ಎರಡು ದಿನ ಗೊಣಗಿ ಮತ್ತೆ ಅದೇ ಬೆಂಚಿನ ಮೇಲೆ ಕೂತಿದ್ದಾರೆ. ಸಂಬಳದ ಹೆಸರಲ್ಲಿ ಏರಿಸಿದ ಹೋಟೆಲನ್ನು ಮಾತ್ರ ನಾನಿನ್ನೂ ನೋಡಿಲ್ಲ. ನಾವು ಗಿರಾಕಿಗಳು ಆ ಐದು ರೂಪಾಯಿಗೆ ಚೌಕಾಸಿ ಮಾಡದೆ ಕೊಡಬೇಕು, ಅದು ಸಂಬಳಕ್ಕೇ ಹೋಗುತ್ತದೆ ಎಂಬ ಖಾತ್ರಿ ಕೇಳಬೇಕು.

ಖಾತ್ರಿಗೆ ದಾರಿ ಕಾನೂನಿನಲ್ಲೇ ಇದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ ಯಾವ ಕೆಲಸಕ್ಕೆ ಎಷ್ಟು ವೇತನ, ಯಾವ ದಿನ ಪಾವತಿ ಎಂಬುದನ್ನು ಮಾಲೀಕ ಎದ್ದು ಕಾಣುವಂತೆ ಬರೆದು ಹಾಕಬೇಕು, ವೇತನ ಚೀಟಿ ಕೊಡಬೇಕು. ಕಾರ್ಮಿಕ ಇಲಾಖೆಯವರು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಬಸ್ ಸ್ಟ್ಯಾಂಡ್ ಸುತ್ತಲಿನ ಹೋಟೆಲುಗಳಿಂದಲೇ ಅದನ್ನು ನೋಡಲು ಶುರುಮಾಡಲಿ. ಅಲ್ಲಿಯತನಕ ಟಿಪ್ಸ್ ಕೊಡುವವರು ನಗದಾಗಿ, ಕೈಗೇ ಕೊಡಿ. ಕ್ಲೀನರ್‌ನನ್ನೂ ಕರೆದು ಕೊಡಿ.