ಐದು ಬೋಗಿಯ ಪ್ಯಾಕೆಟ್

ಪ್ಯಾಕೆಟ್‌ಗಳನ್ನು ಅತಿವೇಗವಾಗಿ ಸಂಸ್ಕರಿಸುವ ಡಿಪಿಡಿಕೆ ತಂತ್ರಾಂಶದಲ್ಲಿ ನನಗೆ ತುಂಬ ಇಷ್ಟವಾದದ್ದು ಎಂಬಫ್. ನೆಟ್‌ವರ್ಕ್ ಕಾರ್ಡಿಗೆ ಬಂದ ಪ್ಯಾಕೆಟ್ಟನ್ನು ಮೆಮೊರಿಯಲ್ಲಿ ಹಿಡಿದಿಡುವ ಪಾತ್ರೆ ಅದು. ವಾಡಿಕೆಯಂತೆ ಅದರಲ್ಲಿ 2048 ಬೈಟ್ ಹಿಡಿಸುತ್ತದೆ. ಸಾಮಾನ್ಯ ಈಥರ್ನೆಟ್ ಫ್ರೇಮ್ 1518 ಬೈಟ್ ತಾನೆ, ಧಾರಾಳವಾಯಿತು. ಆದರೆ 9000 ಬೈಟ್ ಹೊತ್ತ ಜಂಬೋ ಫ್ರೇಮ್ ಬಂದರೆ?

ಪಾತ್ರೆಯನ್ನೇ ದೊಡ್ಡದು ಮಾಡಬಹುದು. ಆಗ 64 ಬೈಟಿನ ಪುಟಾಣಿ ಫ್ರೇಮಿಗೂ ಹಂಡೆಯನ್ನೇ ಒಡ್ಡಬೇಕು, ಮೆಮೊರಿ ದಂಡ. ಇನ್ನೊಂದು ದಾರಿ ಎಷ್ಟು ಚೆಂದ ನೋಡಿ: ಎಂಬಫ್‌ಗಳನ್ನು ರೈಲಿನ ಬೋಗಿಗಳ ಹಾಗೆ ಕೊಂಡಿ ಹಾಕಿ ಜೋಡಿಸುವುದು. ಹೆಡರ್ ಸೇರಿ 9014 ಬೈಟ್. ನಾಲ್ಕು ಬೋಗಿ ಭರ್ತಿ, ಐದನೆಯದರಲ್ಲಿ ಉಳಿದ 822. ಮೊದಲ ಬೋಗಿಯಲ್ಲಿ ಒಟ್ಟು ಉದ್ದ, ಬೋಗಿಗಳ ಸಂಖ್ಯೆ. ಪ್ರತಿಯೊಂದರಲ್ಲೂ ತನ್ನ ಪಾಲಿನ ಉದ್ದ, ಮುಂದಿನದರ ವಿಳಾಸ. ಪ್ಯಾಕೆಟ್ಟಿನ ಬೈಟ್‌ಗಳನ್ನು ಕಾರ್ಡೇ ಬೋಗಿಗಳಿಗೆ ತುಂಬುತ್ತದೆ. ಪ್ರೊಸೆಸರ್ ಒಂದು ಬೈಟನ್ನೂ ನಕಲು ಮಾಡಬೇಕಿಲ್ಲ.

ಇನ್ನೂ ಸೊಗಸಾದದ್ದು ಮೊದಲ ಬೋಗಿಯಲ್ಲಿ ಪ್ಯಾಕೆಟ್ಟಿನ ಮುಂದೆ ಬಿಟ್ಟಿರುವ 128 ಬೈಟಿನ ಖಾಲಿ ಜಾಗ. ಪ್ಯಾಕೆಟ್ಟಿಗೆ ಹೊರಗಿನಿಂದ ಇನ್ನೊಂದು ಹೊದಿಕೆ ಹಾಕಿ ಸಾಗಿಸುವ ವಿಎಕ್ಸ್‌ಲ್ಯಾನ್ ಸುರಂಗಕ್ಕೆ ಕಳಿಸಬೇಕೆ? 50 ಬೈಟಿನ ಹೊಸ ಹೆಡರನ್ನು ಅಲ್ಲಿ ಬರೆದರೆ ಮುಗಿಯಿತು, ಹಿಂದಿನ ಒಂಬತ್ತು ಸಾವಿರ ಬೈಟ್ ಕದಲುವುದೇ ಇಲ್ಲ.

10 ಗಿಗಾಬಿಟ್ ತಂತಿಯಲ್ಲಿ ಚಿಕ್ಕ ಫ್ರೇಮ್ 67 ನ್ಯಾನೊಸೆಕೆಂಡಿಗೊಂದು ಬರುತ್ತದೆ. ಜಂಬೋ ಬಂದರೆ ಏಳು ಮೈಕ್ರೊಸೆಕೆಂಡಿಗೂ ಹೆಚ್ಚು ಬಿಡುವು. ಬೋಗಿ ಜೋಡಣೆಗೆ ಬೆಲೆಯೂ ಇದೆ. ಹಲವು ಡ್ರೈವರ್‌ಗಳು ತಮ್ಮ ಅತಿವೇಗದ ದಾರಿ ಬಿಟ್ಟು ನಿಧಾನದ್ದನ್ನು ಹಿಡಿಯುತ್ತವೆ. ಕೋಡ್ ಬರೆಯುವವರೂ ಎಚ್ಚರವಿರಬೇಕು: ಚೆಕ್‌ಸಮ್ ಲೆಕ್ಕ ಮೊದಲ ಬೋಗಿಯಲ್ಲೇ ನಿಂತರೆ ತಪ್ಪುತ್ತದೆ. ಕೊಂಡಿ ಹಿಡಿದು ಐದನೆಯದರ ಕೊನೆಯ ಬೈಟಿನವರೆಗೂ ನಡೆಯಬೇಕು.