ಹಣ ತೆತ್ತು ಕಲಿಯುವ ಅಗ್ನಿವಿದ್ಯೆ

ಪ್ರತಿವರ್ಷ ಏಪ್ರಿಲ್ ಮಾಸದಲ್ಲಿ ಇಂಡಿಯಾನಾಪೊಲಿಸ್ ನಗರದಲ್ಲಿ ಜರುಗುವ, ಎಫ್‌ಡಿಐಸಿ ಎಂಬ ನಾಲ್ಕಕ್ಷರಗಳಿಂದ ಅಮೆರಿಕದ ಅಗ್ನಿಶಾಮಕರಿಗೆಲ್ಲ ಪರಿಚಿತವಾಗಿರುವ ಬೋಧಕರ ಸಮ್ಮೇಳನಕ್ಕೆ 30,000ಕ್ಕೂ ಮಿಕ್ಕ ಜನ ನೆರೆಯುತ್ತಾರೆಂದರೆ, ಅದರಲ್ಲಿ ಜಾತ್ರೆಯ ಅಂಶ ಎಷ್ಟಿರಬಹುದೆಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು. ಬ್ಯಾಗ್‌ಪೈಪುಗಳ ಘೋಷದೊಡನೆ ಸಭೆ ಆರಂಭವಾಗುತ್ತದೆ; ಪ್ರದರ್ಶನಾಂಗಣದಲ್ಲಿ, ಒಂದೊಂದಕ್ಕೆ ಹತ್ತು ಲಕ್ಷ ಡಾಲರ್ ಮೀರಿ ಬೆಲೆಬಾಳುವ ಕೆಂಪು ವಾಹನಗಳು ಸಾಲುಗಟ್ಟಿ ನಿಂತಿರುತ್ತವೆ; ನಗರದ ದೊಡ್ಡ ಕ್ರೀಡಾಂಗಣದಲ್ಲಿ, 2001ರ ಸೆಪ್ಟೆಂಬರ್ 11ರಂದು ಮಡಿದ ನ್ಯೂಯಾರ್ಕಿನ 343 ಮಂದಿ ಅಗ್ನಿಶಾಮಕರ ಸ್ಮರಣಾರ್ಥವಾಗಿ 110 ಅಂತಸ್ತುಗಳಷ್ಟು ಮೆಟ್ಟಿಲುಗಳನ್ನು ಪೂರ್ತಿ ಉಡುಪಿನಲ್ಲಿ ಹತ್ತಿ ಇಳಿಯುವವರನ್ನು ಕಂಡರೆ ಎಂಥ ನಿರ್ಲಿಪ್ತನಿಗೂ ಗಂಟಲು ಕಟ್ಟುತ್ತದೆ. ಇವೆಲ್ಲ ನೋಡತಕ್ಕವೇ, ಸಂದೇಹವಿಲ್ಲ. ಆದರೆ ನೂರಾರು ಡಾಲರ್ ಪ್ರವೇಶ ಶುಲ್ಕವನ್ನೂ ಅದಕ್ಕೆ ಸರಿಮಿಗಿಲಾದ ಹೋಟೆಲು ಬಾಡಿಗೆಯನ್ನೂ ತೆತ್ತು ಹೋದವನು ಬೆಂಕಿಯ ಮುಂದೆ ನಿಂತಾಗ ಹೋಗದವನಿಗಿಂತ ಹೆಚ್ಚು ಸಮರ್ಥನಾಗಿರುತ್ತಾನೆಯೇ ಎಂಬ ಪ್ರಶ್ನೆ, ಅಮೆರಿಕದ ಠಾಣೆಗಳ ಅಡುಗೆಮನೆಯ ಮೇಜಿನ ಸುತ್ತ ವರ್ಷವರ್ಷವೂ ಎದ್ದು, ಇತ್ಯರ್ಥವಾಗದೆಯೇ ಕಾಫಿಯೊಡನೆ ಆರಿಹೋಗುತ್ತಿರುತ್ತದೆ.

ನಮ್ಮ ನಾಡಿನಲ್ಲಿ ಈ ಪ್ರಶ್ನೆ ಏಳುವ ಸಂಭವ ಕಡಮೆ. ಕರ್ನಾಟಕದ ಅಗ್ನಿಶಾಮಕ ಸಿಬ್ಬಂದಿ ಸರ್ಕಾರದ ನೌಕರರು; ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಅಕಾಡೆಮಿಗಾಗಲಿ, ನಾಗಪುರದ ರಾಷ್ಟ್ರೀಯ ಕಾಲೇಜಿಗಾಗಲಿ ಅವರನ್ನು ಇಲಾಖೆಯೇ ಕಳುಹಿಸುತ್ತದೆ. ಅಮೆರಿಕದ ಸ್ಥಿತಿ ಬೇರೆ. ಇಲ್ಲಿನ ಅಗ್ನಿಶಾಮಕರಲ್ಲಿ ಮೂವರಿಗೆ ಇಬ್ಬರಂತೆ ಸ್ವಯಂಸೇವಕರು. ಹಗಲು ಬಡಗಿಯೋ ಉಪಾಧ್ಯಾಯನೋ, ನನ್ನಂತೆ ಗಣಕಯಂತ್ರದ ಮುಂದೆ ಕುಳಿತು ಹೊಟ್ಟೆ ಹೊರೆಯುವ ಕನ್ನಡಿಗನೋ ಆಗಿದ್ದು, ಕರೆ ಬಂದಾಗ ಕೈಯಲ್ಲಿದ್ದುದನ್ನು ಬಿಟ್ಟು ಓಡುವವರು. ಸಣ್ಣ ಊರಿನ ದಳವೊಂದು ಭಾನುವಾರದ ಬೆಳಗ್ಗೆ ಊರವರಿಗೆಲ್ಲ ಪ್ಯಾನ್‌ಕೇಕ್ ಬಡಿಸಿ ಕೂಡಿಸಿದ ಹಣದಲ್ಲಿಯೇ ಹೊಸ ಬೂಟು ಕೊಳ್ಳಬೇಕು, ಹಳೆಯ ಪಂಪು ದುರಸ್ತಿಯಾಗಬೇಕು. ಅಂಥ ಹಣದಿಂದ ಸಮ್ಮೇಳನಕ್ಕೆ ಹೋಗುವುದೆಂದರೆ ಲೆಕ್ಕ ಕೇಳುವವರು ಇದ್ದೇ ಇರುತ್ತಾರೆ, ಕೇಳಬೇಕಾದುದೂ ನ್ಯಾಯವೇ.

ಉಪನ್ಯಾಸಗಳ ಮಟ್ಟಿಗೆ ಹೇಳುವುದಾದರೆ, ಅವುಗಳಿಗಾಗಿ ದುಡ್ಡು ಸುರಿಯುವುದು ಅಪವ್ಯಯವೆಂದೇ ನನ್ನ ಸ್ಪಷ್ಟವಾದ ಅಭಿಪ್ರಾಯ. ಮೇರಿಲೆಂಡ್ ಪ್ರಾಂತದ ಎಮಿಟ್ಸ್‌ಬರ್ಗ್ ಎಂಬ ಪುಟ್ಟ ಊರಿನಲ್ಲಿರುವ ರಾಷ್ಟ್ರೀಯ ಅಗ್ನಿಶಾಮಕ ಅಕಾಡೆಮಿಯಲ್ಲಿ ಬೋಧನೆಗೆ ಶುಲ್ಕವಿಲ್ಲ. ಆಯ್ಕೆಯಾದವರಿಗೆ ಪ್ರಯಾಣದ ವೆಚ್ಚವನ್ನೂ ಮರಳಿಸುವ ಪದ್ಧತಿಯುಂಟು. (2025ರ ಮಾರ್ಚಿನಲ್ಲಿ ಅಲ್ಲಿನ ತರಗತಿಗಳನ್ನು ಸರ್ಕಾರ ಹಠಾತ್ತನೆ ನಿಲ್ಲಿಸಿ, ಕೆಲವು ತಿಂಗಳುಗಳ ಬಳಿಕ ಮತ್ತೆ ತೆರೆದುದನ್ನು ನೆನೆದರೆ, ಧರ್ಮಛತ್ರವನ್ನೇ ನಂಬಿ ಬುತ್ತಿಯಿಲ್ಲದೆ ಹೊರಡುವುದು ಕ್ಷೇಮವಲ್ಲವೆಂಬ ಅಳುಕೂ ಆಗದಿರದು.) ಅಂಡರ್‌ರೈಟರ್ಸ್ ಲ್ಯಾಬೊರೇಟರೀಸ್ ಎಂಬ ಪರೀಕ್ಷಾ ಸಂಸ್ಥೆಯ ಸಂಶೋಧಕರು ತಮ್ಮ ಪ್ರಯೋಗಗಳ ಚಿತ್ರಗಳನ್ನೂ ಪಾಠಗಳನ್ನೂ ಯಾರು ಬೇಕಾದರೂ ನೋಡುವಂತೆ ಬಿಚ್ಚಿಟ್ಟಿದ್ದಾರೆ. ಹಿಂದಿನ ಕಾಲದ ಮರ, ಹತ್ತಿಗಳ ಪೀಠೋಪಕರಣಗಳಿದ್ದ ಕೊಠಡಿ ಸರ್ವಾಂಗ ಜ್ವಾಲಾಮಯವಾಗಲು ಅರ್ಧ ಗಂಟೆಯ ಸಮೀಪ ಹಿಡಿದರೆ, ಇಂದಿನ ಕೃತಕ ಸ್ಪಂಜು, ಪ್ಲಾಸ್ಟಿಕ್ಕುಗಳ ಕೊಠಡಿಗೆ ನಾಲ್ಕೇ ನಿಮಿಷ ಸಾಕಾದುದನ್ನು ಅಕ್ಕಪಕ್ಕದಲ್ಲಿಟ್ಟು ತೋರಿಸುವ ಆ ಚಿತ್ರವನ್ನು ಮನೆಯಲ್ಲಿ ಕುಳಿತು ನೋಡಿದವನಿಗೆ, ಅದನ್ನೇ ಮುನ್ನೂರು ಕುರ್ಚಿಗಳ ಸಭಾಂಗಣದ ಹಿಂದಿನ ಸಾಲಿನಿಂದ ನೋಡಿದರೆ ಅಧಿಕವಾಗಿ ದೊರೆಯುವುದು ಹವಾನಿಯಂತ್ರಣದ ಚಳಿ ಮಾತ್ರ.

ಮತ್ತೊಂದು ವಿಚಾರ. ಉಪನ್ಯಾಸಕನ ಗಂಭೀರ ಕಂಠವೂ ಬಿಳಿಯ ಮೀಸೆಯೂ ಸತ್ಯಕ್ಕೆ ಪ್ರಮಾಣವಾಗಲಾರವು. ಕಿಟಕಿಯ ಹೊರಗಿನಿಂದ ನೀರು ಹೊಡೆದರೆ ಬೆಂಕಿ ಮನೆಯೊಳಕ್ಕೆ ತಳ್ಳಲ್ಪಟ್ಟು ಒಳಗಿನವರನ್ನು ಸುಟ್ಟೀತೆಂಬ ಮಾತು ಹಲವು ದಶಕಗಳ ಕಾಲ ಬೋಧಕರ ಬಾಯಿಂದ ಬೋಧಕರ ಬಾಯಿಗೆ ಹರಿದು ಬಂದಿತ್ತು. 2012ರ ಬೇಸಿಗೆಯಲ್ಲಿ ನ್ಯೂಯಾರ್ಕಿನ ಗವರ್ನರ್ಸ್ ದ್ವೀಪದ ಪಾಳುಮನೆಗಳಿಗೆ ಬೆಂಕಿಯಿಟ್ಟು, ಉಷ್ಣಮಾಪಕಗಳನ್ನು ಹೂಡಿ ಅಳೆದವರಿಗೆ ಕಂಡದ್ದೇ ಬೇರೆ: ನೇರಧಾರೆಯಾಗಿ ಛಾವಣಿಗೆ ತಾಗುವಂತೆ ಹೊಡೆದ ನೀರು ಮನೆಯನ್ನೆಲ್ಲ ತಂಪಾಗಿಸುತ್ತದೆ, ಬೆಂಕಿಗೆ ಬಲ ಕೊಡುವುದು ನಾವೇ ಆತುರದಿಂದ ತೆರೆದಿಟ್ಟ ಬಾಗಿಲಿನಿಂದ ನುಗ್ಗುವ ಗಾಳಿ. ಈ ಫಲಿತಾಂಶಗಳು ಹೊರಬಿದ್ದ ಮೇಲೆ ಹಳಬರಿಗೂ ಹೊಸಬರಿಗೂ ನಡೆದ ವಾಗ್ವಾದ ಅಷ್ಟಿಷ್ಟಲ್ಲ. ಸಮ್ಮೇಳನದಿಂದ ಒಂದು ಪ್ರಯೋಜನವಿದ್ದರೆ ಇಂಥ ಜಗಳಗಳಿಗೆ ಅದು ಅಂಗಳ ಒದಗಿಸುತ್ತದೆಂಬುದು. ಅಂಗಳವೆಂದರೆ ವೇದಿಕೆಯ ಮುಂದಿನದಲ್ಲ, ಹೊರಗಿನ ಓಣಿಯದು.

ಹಾಗಾದರೆ ಹಣಕ್ಕೆ ತಕ್ಕ ವಸ್ತು ಯಾವುದು? ಕೈಕೆಲಸದ ತರಗತಿ. ಒಂದು ಉದಾಹರಣೆ ಕೊಡುತ್ತೇನೆ. ಬೀಗ ಹಾಕಿದ ಬಾಗಿಲನ್ನು ಮೀಟುವ ಹ್ಯಾಲಿಗನ್ ಎಂಬ ಸಲಾಕೆ, ನ್ಯೂಯಾರ್ಕ್ ದಳದ ಹಿರಿಯ ಅಧಿಕಾರಿ ಹ್ಯೂ ಹ್ಯಾಲಿಗನ್ 1940ರ ದಶಕದಲ್ಲಿ ರೂಪಿಸಿದ್ದು. ಒಂದು ತುದಿಯಲ್ಲಿ ಕವಲು, ಇನ್ನೊಂದರಲ್ಲಿ ಬಾಚಿಯಂಥ ಅಲಗೂ ಮೊನೆಯೂ. ಒಳಕ್ಕೆ ತೆರೆಯುವ ಬಾಗಿಲಾದರೆ ಬೀಗದ ಸಮೀಪದ ಸಂದಿಯಲ್ಲಿ ಕವಲನ್ನಿಟ್ಟು, ಜೊತೆಗಾರ ಕೊಡಲಿಯ ಬೆನ್ನಿನಿಂದ ಬಡಿಯುತ್ತಿರುವಂತೆಯೇ, ಹಿಡಿದವನು ಸಲಾಕೆಯನ್ನು ಮೆಲ್ಲಮೆಲ್ಲನೆ ಬಾಗಿಲಿನಿಂದ ದೂರಕ್ಕೆ ತರುತ್ತ ಹೋಗಬೇಕು. ತರದಿದ್ದರೆ ಕವಲಿನ ತುದಿ ಚೌಕಟ್ಟಿನ ಮರದಲ್ಲಿ ಹೂತುಕೊಳ್ಳುತ್ತದೆ, ಆಮೇಲೆ ಎಷ್ಟು ಜಗ್ಗಿದರೂ ಬಾಗಿಲು ಕದಲದು. ಇದನ್ನು ಪುಸ್ತಕದಲ್ಲಿ ಓದಿದ್ದೆ, ಚಿತ್ರಗಳಲ್ಲಿ ಕಂಡಿದ್ದೆ. ತರಗತಿಯಲ್ಲಿ, ನನ್ನ ಮುಂದಿದ್ದ ತರುಣಿಯ ಕವಲು ಹೀಗೆ ಹೂತುಕೊಳ್ಳುತ್ತಿದ್ದಾಗ ಬೋಧಕ ಒಂದು ಮಾತೂ ಆಡದೆ, ಅವಳ ಎಡ ಮೊಣಕೈಯನ್ನು ಹಿಡಿದು ನಾಲ್ಕು ಬೆರಳಿನಷ್ಟು ಹೊರಕ್ಕೆ ಎಳೆದನು. ಮುಂದಿನ ಏಟಿಗೆ ಕವಲು ಚೌಕಟ್ಟಿನ ಪಟ್ಟಿಯನ್ನು ದಾಟಿ ಒಳಸೇರಿದ ಸದ್ದೇ ಬೇರೆಯಾಗಿ ಕೇಳಿತು. ಪಿಟೀಲು ಕಲಿಸುವ ಗುರು ಶಿಷ್ಯನ ಬೆರಳನ್ನು ತಂತಿಯ ಮೇಲೆ ಎಳ್ಳಷ್ಟು ಸರಿಸುತ್ತಾನಲ್ಲ, ಹಾಗೆ.

ನೀರಿನ ಹೋಸ್ ಹಿಡಿಯುವುದೂ ಅಂಥದೇ ವಿದ್ಯೆ. ಎಂಟನೆಯ ಏಳು ಅಂಗುಲದ ಬಾಯಿಯ ನಾಸಲ್‌ನಿಂದ 50 ಪೌಂಡ್ ಒತ್ತಡದಲ್ಲಿ ನಿಮಿಷಕ್ಕೆ ಸುಮಾರು 600 ಲೀಟರ್ ನೀರು ಚಿಮ್ಮುವಾಗ, ಹಿಡಿದವನನ್ನು ಹಿಂದಕ್ಕೆ ತಳ್ಳುವ ಬಲ ಹತ್ತಿರ ಹತ್ತಿರ 27 ಕಿಲೋ. ಅದನ್ನು ತೋಳಿನಿಂದ ತಡೆಯಹೋದವನು ಎರಡೇ ನಿಮಿಷದಲ್ಲಿ ಸೋಲುತ್ತಾನೆ. ಹಿಂದಿರುವವನು ಮಂಡಿಯೂರಿ ಹೋಸನ್ನು ನೆಲಕ್ಕೂ ತೊಡೆಗೂ ಒತ್ತಿ ಹಿಡಿದರೆ ಮುಂದಿರುವವನು ಬೇಕಾದ ಕಡೆಗೆ ಧಾರೆಯನ್ನು ತಿರುಗಿಸಬಹುದು. ಎಲ್ಲಿ ಒತ್ತಬೇಕೆಂಬುದನ್ನು ದೇಹ ತಾನಾಗಿ ತಿಳಿಯುವವರೆಗೆ ಮತ್ತೆ ಮತ್ತೆ ಮಾಡಿಸುವವರು ಬೇಕು. ತಪ್ಪಿದಾಗ ಗುರುತಿಸುವ, ನಮ್ಮ ಠಾಣೆಯ ಚಾಳಿಗಳಿಗೆ ಒಗ್ಗಿಹೋಗದ, ಪರಸ್ಥಳದ ಕಣ್ಣೊಂದು ಬೇಕು. ಆ ಕಣ್ಣಿಗೇ ನಾವು ಕೊಡುವ ಹಣ.

ಇಂಥ ತರಗತಿಗಳು ಏಕೆ ದುಬಾರಿಯೆಂದು ಗೊಣಗುವವರು ಅವುಗಳ ಹಿಂದಿನ ಕಥೆಯನ್ನು ತಿಳಿದಿರಬೇಕು. 1982ರಲ್ಲಿ ಕೊಲೊರಾಡೊದ ಬೋಲ್ಡರ್‌ನಲ್ಲಿ ತರಬೇತಿಗೆಂದೇ ಹಚ್ಚಿದ ಬೆಂಕಿಯಲ್ಲಿ ಇಬ್ಬರು ಅಗ್ನಿಶಾಮಕರು ಸತ್ತರು; ತದನಂತರ, 1986ರಲ್ಲಿ, ನಿಜವಾದ ಬೆಂಕಿಯೊಡನೆ ಕಲಿಸುವುದಕ್ಕೆ ಎನ್‌ಎಫ್‌ಪಿಎ 1403 ಎಂಬ ನಿಯಮಾವಳಿ ಹೊರಟಿತು. ಐವರು ಶಿಷ್ಯರಿಗೆ ಒಬ್ಬನಾದರೂ ಬೋಧಕನಿರಬೇಕು, ಜೀವಂತ ಮನುಷ್ಯನನ್ನು ಗಾಯಾಳುವಿನ ವೇಷದಲ್ಲಿ ಒಳಗೆ ಮಲಗಿಸಕೂಡದು ಎಂಬುವು ಅದರ ಕಟ್ಟಳೆಗಳು. ಆ ಕಟ್ಟಳೆಯನ್ನು ಉಪೇಕ್ಷಿಸಿ, 2001ರಲ್ಲಿ ನ್ಯೂಯಾರ್ಕ್ ಪ್ರಾಂತದ ಲೇರ್ಡ್ಸ್‌ವಿಲ್‌ನಲ್ಲಿ ಹೊಸದಾಗಿ ಸೇರಿದ್ದ ಸ್ವಯಂಸೇವಕ ತರುಣನೊಬ್ಬನನ್ನು ಮಹಡಿಯಲ್ಲಿ ಮಲಗಿಸಿ ಕೆಳಗೆ ಸೋಫಾಕ್ಕೆ ಬೆಂಕಿಯಿಟ್ಟರು. ಅವನು ಬದುಕಲಿಲ್ಲ, ತರಬೇತಿ ನಡೆಸಿದ ಅಧಿಕಾರಿ ನ್ಯಾಯಾಲಯದಲ್ಲಿ ಅಪರಾಧಿಯಾದನು. ಅಗ್ಗದ ತರಬೇತಿಯ ಜಾಹೀರಾತು ಕಂಡಾಗಲೆಲ್ಲ ಬೋಧಕರೆಷ್ಟು ಮಂದಿ ಎಂದು ನಾನು ಮೊದಲು ಕೇಳುವುದು ಈ ಕಾರಣದಿಂದ.

ದೊಡ್ಡ ಜಾತ್ರೆಯೇ ಆಗಬೇಕೆಂದಿಲ್ಲ. ಸೆಪ್ಟೆಂಬರ್ 11ರಂದು ಮಡಿದವರಲ್ಲಿ ಒಬ್ಬರಾದ, ಹೋಸ್ ಮತ್ತು ನಾಸಲ್‌ಗಳ ವಿಷಯದಲ್ಲಿ ಅಸಾಮಾನ್ಯ ಬೋಧಕರೆನಿಸಿದ್ದ ಆಂಡ್ರ್ಯೂ ಫ್ರೆಡರಿಕ್ಸ್ ಅವರ ಹೆಸರಿನಲ್ಲಿ ವರ್ಜೀನಿಯಾದ ಅಲೆಕ್ಸಾಂಡ್ರಿಯಾದಲ್ಲಿ ನಡೆಯುವ ಶಿಬಿರದಂಥವು, ಗಾತ್ರದಲ್ಲಿ ಕಿರಿದಾದರೂ ಒಂದೇ ವಿಷಯವನ್ನು ಹಿಡಿದು ಆಳಕ್ಕಿಳಿಯುತ್ತವೆ. ನನ್ನ ರುಚಿಗೆ ಅವೇ ಮೇಲು.

ಇನ್ನು ಯಾರನ್ನು ಕಳುಹಿಸಬೇಕೆಂಬ ಪ್ರಶ್ನೆ. ರೂಢಿಯಂತೆ ಹೋಗುವವರು ಚೀಫ್ ಮತ್ತು ಅವರ ಸಮೀಪವರ್ತಿಗಳು. ಹೋಸ್ ಹಿಡಿದು ಒಳನುಗ್ಗುವ ಕಾಲ ಕಳೆದವರು. ಹಿಂತಿರುಗುವಾಗ ಅವರ ಕೈಯಲ್ಲಿರುವುದು ವಾಹನ ತಯಾರಕರ ಬಣ್ಣದ ಪುಸ್ತಿಕೆಗಳು ಹಾಗೂ ಟೋಪಿಗಳು. ಕಳುಹಿಸಬೇಕಾದವನು, ಮುಂದಿನ ಹದಿನೈದು ವರ್ಷ ಅದೇ ವಾಹನದಲ್ಲಿ ಕುಳಿತು ಹೋಗುವ, ಬಿಡುವಿನ ರಾತ್ರಿ ಇನ್ನೊಬ್ಬನಿಗೆ ಹೇಳಿಕೊಡುವ ಚಪಲವುಳ್ಳ ಕಿರಿಯನು. ಅವನು ಕಲಿತು ಬಂದುದನ್ನು ಒಂದು ತಿಂಗಳೊಳಗೆ ಠಾಣೆಯ ಅಂಗಳದಲ್ಲಿ ಎಲ್ಲರಿಂದಲೂ ಮಾಡಿಸದಿದ್ದರೆ ಆ ಕೌಶಲ ಅವನ ಕೈಯಿಂದಲೇ ಜಾರಿಹೋಗುತ್ತದೆ.

ನಮ್ಮ ದಳದ ಸಭೆಯಲ್ಲಿ ಈ ಮಾತನ್ನು ಮುಂದಿಟ್ಟಾಗ ಸಾಕಷ್ಟು ಚರ್ಚೆಯಾಯಿತು. ಕಡೆಗೆ ಇಬ್ಬರು ಕಿರಿಯರಿಗೆ ಕೈಕೆಲಸದ ತರಗತಿಯ ಶುಲ್ಕ ತೆರುವುದೆಂದೂ, ಅವರು ಮರಳಿದ ಮೇಲಿನ ಮೊದಲ ಕವಾಯತಿನ ರಾತ್ರಿ ಪಾಠ ಹೇಳುವ ಹೊಣೆ ಅವರದೇ ಎಂದೂ, ಅಭ್ಯಾಸದ ಬಾಗಿಲನ್ನು ವೆಲ್ಡಿಂಗ್ ಬಲ್ಲ ಸದಸ್ಯನೊಬ್ಬನು ಅಷ್ಟರೊಳಗೆ ಸಿದ್ಧಪಡಿಸತಕ್ಕದ್ದೆಂದೂ ನಿರ್ಣಯವಾಗಿದೆ. ನಮ್ಮ ಚೀಫ್ ಪ್ರದರ್ಶನಾಂಗಣಕ್ಕೆ ಮಾತ್ರ ಒಂದು ದಿನದ ಚೀಟಿಯನ್ನು ಸ್ವಂತ ಹಣದಲ್ಲಿ ಕೊಂಡಿದ್ದಾರೆ.