ಸೂರಿಗೆ ಅರ್ಧ ಲೆಕ್ಕ

ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆಯನ್ನು ಹೊಗಳುವ ಬರಹಗಳಿಗೆ ಈಗ ಬರವಿಲ್ಲ. ಕೇಂದ್ರದ ಇಂಧನ ದಕ್ಷತಾ ಬ್ಯೂರೊ 2007ರ ಮೇ ತಿಂಗಳಲ್ಲಿ ಇದನ್ನು ಹೊರತಂದಿತು. 2017ರಲ್ಲಿ ಪರಿಷ್ಕರಿಸಿದ ಮೇಲಂತೂ ವಾಣಿಜ್ಯ ಕಟ್ಟಡಗಳ ಕರೆಂಟು ಖರ್ಚಿಗೆ ಕಡಿವಾಣ ಹಾಕಬಲ್ಲ ಗಂಭೀರ ಸಾಧನ ಇದೊಂದೇ ಎಂಬ ಹೆಸರು ಗಟ್ಟಿಯಾಯಿತು. ಶೇ. 25, 35, 50ರ ಉಳಿತಾಯದ ಮೂರು ಮೆಟ್ಟಿಲು, ಐದು ಹವಾಮಾನ ವಲಯ, ಗೋಡೆಗೊಂದು ಮಾಡಿಗೊಂದು ಗಾಜಿಗೊಂದು ಕೋಷ್ಟಕ: ಈ ಕ್ಷೇತ್ರದ ಪರಿಚಯವಿರುವವರಿಗೆ ಇದನ್ನೆಲ್ಲ ಮತ್ತೆ ವಿವರಿಸಬೇಕಿಲ್ಲ. ಶಿರೂರಿನಲ್ಲಿ (ಗುಡ್ಡ ಕುಸಿದ ಅಂಕೋಲೆಯ ಶಿರೂರಲ್ಲ, ನಮ್ಮ ಬೈಂದೂರು ತಾಲೂಕಿನದು) ಕೂತು ಓದಿದರೆ ಆ ಹೆಸರು ಅತಿಯಾಯಿತು ಅನ್ನಿಸುತ್ತದೆ. ಕರಾವಳಿಯ ಕಟ್ಟಡದಲ್ಲಿ ಕರೆಂಟು ಉಳಿಯುತ್ತದೋ ಪೋಲಾಗುತ್ತದೋ ಎಂಬುದನ್ನು ಬಹುಪಾಲು ತೀರ್ಮಾನಿಸುವುದು ಸೂರು. ಆ ಸೂರನ್ನು ಸಂಹಿತೆ ಬಿಸಿಲಿನ ಲೆಕ್ಕಕ್ಕೆ ಮಾತ್ರ ಹಿಡಿಯುತ್ತದೆ. ಮಳೆಯ ಲೆಕ್ಕಕ್ಕೆ ಹಿಡಿಯುವುದೇ ಇಲ್ಲ.

ಅದರಿಂದ ಆದ ಒಳ್ಳೆಯದನ್ನು ಮೊದಲೇ ಹೇಳಿಬಿಡುತ್ತೇನೆ. ಬೆಳಕಿಗೆ ಚದರ ಮೀಟರಿಗೆ ಇಂತಿಷ್ಟೇ ವ್ಯಾಟ್ ಎಂಬ ಮಿತಿ, ಪಂಪು, ಮೋಟಾರು, ಚಿಲ್ಲರ್‌ಗಳ ದಕ್ಷತೆಗೆ ಕನಿಷ್ಠ ಮಟ್ಟ, ಗಾಜು ಹೊರಗೋಡೆಯ ಶೇ. 40 ಮೀರಬಾರದೆಂಬ ಕಟ್ಟು, ಇವೆಲ್ಲ ಬೇಕಾದವೇ. ಯಂತ್ರಗಳ ವಿಷಯದಲ್ಲಿ ಸಂಹಿತೆಗೆ ತಾನೇನು ಹೇಳುತ್ತಿದ್ದೇನೆಂದು ಚೆನ್ನಾಗಿ ಗೊತ್ತು. ಅದು ಎಡವುವುದು ಕಟ್ಟಡದ ಮೈಯ ವಿಷಯಕ್ಕೆ ಬಂದಾಗ.

ಇನ್ನೊಂದು ಮಾತನ್ನೂ ಇಲ್ಲೇ ಮುಗಿಸಬೇಕು. ಸಂಹಿತೆ ಅನ್ವಯಿಸುವುದು 100 ಕಿಲೋವ್ಯಾಟ್ ಸಂಪರ್ಕಿತ ಹೊರೆ ಅಥವಾ 120 ಕೆವಿಎ ಬೇಡಿಕೆ ಇರುವ ಕಟ್ಟಡಗಳಿಗೆ. ಕುಂದಾಪುರದಿಂದ ಬೈಂದೂರು ದಾಟಿ, ಒತ್ತಿನೆಣೆ ಇಳಿದು ಶಿರೂರಿನ ಟೋಲ್‌ಗೇಟಿನ ತನಕ ರಾಷ್ಟ್ರೀಯ ಹೆದ್ದಾರಿ 66ರ ಬದಿಗೆ ಎದ್ದಿರುವುದು ಹೆಚ್ಚಾಗಿ ಎರಡು ಮೂರು ಮಾಳಿಗೆಯ ಕಾಂಪ್ಲೆಕ್ಸುಗಳು. ಕೆಳಗೆ ಮೊಬೈಲ್ ಅಂಗಡಿ, ಬೇಕರಿ, ಮೆಡಿಕಲ್. ಮೇಲೆ ಬ್ಯಾಂಕು, ಕ್ಲಿನಿಕ್ಕು, ಫೈನಾನ್ಸ್. ಒಬ್ಬೊಬ್ಬರಿಗೆ ಒಂದೊಂದು ಮೆಸ್ಕಾಂ ಮೀಟರ್. ಆ ಗಡಿಯನ್ನು ಮುಟ್ಟುವ ಕಟ್ಟಡ ಇಲ್ಲಿ ಅಪರೂಪ. 2022ರ ತಿದ್ದುಪಡಿಯಂತೆ ರಾಜ್ಯ ಸರಕಾರ ಈ ಗಡಿಯನ್ನು ಇಳಿಸಬಹುದು, ಇಳಿಸಲೂ ಬೇಕು. ಆದರೆ ಕಾನೂನಾಗಿ ಬಾರದ ಕಡೆಗೂ ಸಂಹಿತೆ ಮಾದರಿಯಾಗಿ ಬಂದಿದೆ. ‘ಒಳ್ಳೆಯ ಗಾಜು ಹಾಕಿದರೆ ಸಾಕು, ಕಟ್ಟಡ ಹಸಿರಾಗುತ್ತದೆ’ ಎಂಬ ನಂಬಿಕೆಗೆ ಅದರ ಕೋಷ್ಟಕಗಳೇ ಬಲ ಕೊಟ್ಟಿವೆ. ಹಾಗಾಗಿ ಆ ಕೋಷ್ಟಕಗಳ ಹಿಂದಿನ ಯೋಚನೆಯನ್ನು ಬಿಡಿಸಿ ನೋಡಬೇಕು.

ನಾನು ತೆಗೆದುಕೊಳ್ಳುವುದು ನೆರಳಿನ ವಿಧಿಯನ್ನು. ಬಿಸಿ-ತೇವದ ವಲಯದಲ್ಲಿ, ಅಂದರೆ ನಮ್ಮಲ್ಲಿ, ಗಾಜಿನ ಮೇಲೆ ಬಿದ್ದ ಬಿಸಿಲ ಶಾಖದಲ್ಲಿ 0.27ಕ್ಕಿಂತ ಹೆಚ್ಚು ಪಾಲು ಒಳಗೆ ಬರಕೂಡದು. ಕಿಟಕಿಯ ಮೇಲೆ ಕಾಯಂ ಸನ್‌ಶೇಡ್ ಇದ್ದರೆ ಮಿತಿ ಸಡಿಲವಾಗುತ್ತದೆ. ಎಷ್ಟು ಸಡಿಲ ಎಂಬುದಕ್ಕೆ ಒಂದು ಭಾಗಾಕಾರ ಇದೆ: ಸನ್‌ಶೇಡ್ ಗೋಡೆಯಿಂದ ಹೊರಚಾಚಿದ ಉದ್ದವನ್ನು, ಕಿಟಕಿಯ ಕೆಳ ಅಂಚಿನಿಂದ ಸನ್‌ಶೇಡಿನ ತಳಕ್ಕಿರುವ ಎತ್ತರದಿಂದ ಭಾಗಿಸಬೇಕು. ಇದರ ಹೆಸರು ಪ್ರೊಜೆಕ್ಷನ್ ಫ್ಯಾಕ್ಟರ್. ದಿಕ್ಕಿಗೆ ತಕ್ಕಂತೆ ಬದಲಾಗುವ ಸೂತ್ರ ಈ ಸಂಖ್ಯೆ 0.25ರಿಂದ 1ರ ತನಕ ಇರುವಾಗ ನಡೆಯುತ್ತದೆ.

ಈಗ ನಮ್ಮ ಹೆದ್ದಾರಿಯನ್ನು ನೋಡಿ. ಅದು ಕಡಲಿಗೆ ಸಮನಾಗಿ ತೆಂಕಿನಿಂದ ಬಡಗಿಗೆ ಓಡುತ್ತದೆ. ಅದಕ್ಕೆ ಮುಖ ಮಾಡಿದ ಅಂಗಡಿಗೆ ಪೂರ್ವ, ಇಲ್ಲವೇ ಪಶ್ಚಿಮ. ಬೇರೆ ಆಯ್ಕೆಯಿಲ್ಲ. ಪಡುವಣಕ್ಕೆ ಮುಖ ಮಾಡಿದ ಕಾಂಪ್ಲೆಕ್ಸಿನಲ್ಲಿ ಎರಡಡಿಯ ಸನ್‌ಶೇಡ್, ಅದರಿಂದ ನಾಲ್ಕಡಿ ಕೆಳಗೆ ಕಿಟಕಿಯ ಅಂಚು ಎಂದಿಟ್ಟುಕೊಳ್ಳಿ. ಸಂಖ್ಯೆ 0.5, ರಿಯಾಯಿತಿಗೆ ಅರ್ಹ. ಹಗಲು ರಾತ್ರಿ ಸಮನಾಗಿರುವ ದಿನಗಳಲ್ಲಿ ಲೆಕ್ಕ ಹಾಕಿದರೆ ಮಧ್ಯಾಹ್ನ ಸುಮಾರು ಎರಡೂಕಾಲಿಗೆ ಆ ಗಾಜಿನ ಮೇಲೆ ಬಿಸಿಲು ಬೀಳತೊಡಗುತ್ತದೆ, ಆರೂವರೆಯ ತನಕ ಕೆಳ ಅಂಚಿನಿಂದ ಮೇಲೇರುತ್ತ ಹೋಗಿ ಇಡೀ ಗಾಜನ್ನು ಆವರಿಸುತ್ತದೆ. ಅಂಗಡಿಯ ಏಸಿ ದುಡಿಯುವುದು ಅದೇ ಹೊತ್ತಿನಲ್ಲಿ.

ಅದೇ ಗೋಡೆಯ ಮುಂದೆ ಆರಡಿಯ ಜಗಲಿ ಬರಲಿ, ಮಾಡಿನ ಸೂರು ಕಿಟಕಿಯ ಅಂಚಿನಿಂದ ಮೂರೇ ಅಡಿ ಎತ್ತರಕ್ಕೆ ಇಳಿದು ನಿಲ್ಲಲಿ. ಸಂಖ್ಯೆ 2 ಆಯಿತು. ಆಗ ಬಿಸಿಲು ಕಿಟಕಿಯ ಕೆಳ ಅಂಚನ್ನು ಮುಟ್ಟುವುದು ಸುಮಾರು ನಾಲ್ಕೂಮುಕ್ಕಾಲಿಗೆ. ಬ್ಯಾಂಕಿನ ಕೌಂಟರು ಮುಚ್ಚಿದ ಹೊತ್ತು. ಎರಡೂವರೆ ಗಂಟೆಯ ಬಿಸಿಲನ್ನು ತಡೆದದ್ದು ಯಾವ ದುಬಾರಿ ಗಾಜೂ ಅಲ್ಲ, ಉದ್ದವಾಗಿ ಚಾಚಿ ತಗ್ಗಿ ನಿಂತ ಸೂರು. ಕುಂದಾಪುರದ ಹಳೆಯ ಪೇಟೆಯ ಹಂಚಿನ ಅಂಗಡಿಗಳು, ಒಂದರ ಪಕ್ಕ ಒಂದು ಹಲಗೆ ಸೇರಿಸಿ ಬಾಗಿಲು ಹಾಕುತ್ತಿದ್ದವು, ಇದೇ ಅಳತೆಯ ಆಸುಪಾಸಿನಲ್ಲಿದ್ದವು. ಸಂಹಿತೆಯ ಸೂತ್ರವಾದರೋ 1ಕ್ಕೆ ಬಂದು ನಿಲ್ಲುತ್ತದೆ. ಅದರಾಚೆಯ ಸೂರಿನ ಪೂರ್ತಿ ಫಲ ಬೇಕೆಂದರೆ ಇಡೀ ಕಟ್ಟಡವನ್ನು ಕಂಪ್ಯೂಟರಿನಲ್ಲಿ ಮಾದರಿ ಮಾಡಿ, ಅದರ ಕಲ್ಪಿತ ಜೋಡಿಯೊಂದಿಗೆ ಹೋಲಿಸಿ ತೋರಿಸಬೇಕು. ಬೈಂದೂರಿನ ಎಂಜಿನಿಯರರ ಕಚೇರಿಯಲ್ಲಿ ಆ ತಂತ್ರಾಂಶವನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಸುಲಭದ ದಾರಿ ಎರಡಡಿಯ ಸನ್‌ಶೇಡಿಗೆ, ಕಷ್ಟದ ದಾರಿ ಆರಡಿಯ ಜಗಲಿಗೆ.

ಅದಕ್ಕಿಂತ ದೊಡ್ಡ ತಪ್ಪು ರಿಯಾಯಿತಿಯ ಸ್ವರೂಪದಲ್ಲೇ ಇದೆ. ನೆರಳು ಕೊಟ್ಟವನಿಗೆ ಸಿಗುವ ಬಹುಮಾನ ಇನ್ನೂ ಅಗ್ಗದ ಗಾಜು ಬಳಸುವ ಅನುಮತಿ. ಗಾಜು ಇದ್ದೇ ಇರುತ್ತದೆ, ಅದು ಮುಚ್ಚಿಯೇ ಇರುತ್ತದೆ ಎಂದು ಮೊದಲೇ ಒಪ್ಪಿಕೊಂಡು ಬರೆದ ವಿಧಿ ಇದು.

ಸಂಹಿತೆಗೆ ನಮ್ಮ ಅಕ್ಷಾಂಶದ ಅರಿವೇ ಇಲ್ಲವೆಂದಲ್ಲ. ಉತ್ತರದ ಗಾಜಿಗೆ 15 ಡಿಗ್ರಿಯಿಂದ ಮೇಲಕ್ಕೆ 0.50ರ ತನಕ ಸಡಿಲ, ಕೆಳಗೆ ಮಾತ್ರ ಉಳಿದ ದಿಕ್ಕುಗಳಷ್ಟೇ ಬಿಗಿ, 0.27. ಮಾಜಾಳಿಯಿಂದ ತೆಂಕಣಕ್ಕೆ ಕರ್ನಾಟಕದ ಕರಾವಳಿಯೆಲ್ಲ ಈ ಗೆರೆಯ ಕೆಳಗೆ ಬರುತ್ತದೆ. ಶಿರೂರು 14 ಡಿಗ್ರಿಗೂ ತುಸು ಕೆಳಗೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನ ತನಕ ಇಲ್ಲಿ ನಡುಹಗಲ ಸೂರ್ಯ ನೆತ್ತಿಯ ಬಡಗು ಬದಿಗೆ ಇರುತ್ತಾನೆ, ಆದ್ದರಿಂದ ಬಡಗು ಗೋಡೆಗೂ ಬಿಸಿಲು ತಾಗುತ್ತದೆ. ರೇಖಾಗಣಿತ ಸರಿಯಾಗಿದೆ. ಆದರೆ ಅದೇ ದಿನಗಳಲ್ಲಿ ಇಲ್ಲಿ ಆಗುವುದೇನು? ಜೂನ್ ಮೊದಲ ವಾರಕ್ಕೆ ಮಳೆ ಹಿಡಿಯುತ್ತದೆ. ವರ್ಷದ ಸುಮಾರು ನಾಲ್ಕು ಸಾವಿರ ಮಿಲಿಮೀಟರ್ ಮಳೆಯಲ್ಲಿ ಹೆಚ್ಚಿನದು ಸೆಪ್ಟೆಂಬರಿನೊಳಗೆ ಸುರಿದು ಹೋಗುತ್ತದೆ. ಬಡಗಿನ ಸೂರ್ಯನಿಗೆಂದು ಸಂಹಿತೆ ಗಾಜು ಬಿಗಿ ಮಾಡಿದ ಕಾಲದ ದೊಡ್ಡ ಪಾಲು ನಮ್ಮಲ್ಲಿ ಸೂರ್ಯನೇ ಕಾಣದ ಕಾಲ. ಅಕ್ಷಾಂಶವನ್ನು ಅಷ್ಟು ಜತನದಿಂದ ಗಮನಿಸಿದ ಸಂಹಿತೆ ಮೋಡವನ್ನು ಗಮನಿಸಲಿಲ್ಲ.

ಮಳೆಗಾಲದ ಆ ನಾಲ್ಕು ತಿಂಗಳಲ್ಲಿ ಇಲ್ಲಿನ ಹಗಲ ಶಾಖ 28–30 ಡಿಗ್ರಿಯ ಆಸುಪಾಸು. ತೇವ ಹೆಚ್ಚು, ನಿಜ. ಆದರೆ ಕಿಟಕಿ ತೆರೆದು ಫ್ಯಾನು ಹಾಕಿದರೆ ಕೂತು ಕೆಲಸ ಮಾಡಬಹುದು. ಇಡೀ ವರ್ಷದಲ್ಲಿ ಏಸಿ ಇಲ್ಲದೆ ದಿನ ದೂಡಬಹುದಾದ ದೊಡ್ಡ ಅವಧಿ ಇದೇ. ಹಾಗಿದ್ದೂ ಜುಲೈ ನಡುಹಗಲಲ್ಲಿ ಹೆದ್ದಾರಿ ಬದಿಯ ಕಚೇರಿಗಳಲ್ಲಿ ಏಸಿ ಓಡುತ್ತದೆ, ಏಕೆಂದರೆ ಗಾಜು ತೆರೆಯಲು ಬರುವಂಥದ್ದಲ್ಲ. ತೆರೆಯಲು ಬರುವ ಕಡೆ ಎರಡಡಿಯ ಸನ್‌ಶೇಡನ್ನು ದಾಟಿ ಎರಚಲು ಕಂಪ್ಯೂಟರಿನ ಮೇಲೆ ಬೀಳುತ್ತದೆ. ತೆಂಕು-ಪಡುವಣದ ಗಾಳಿಗೆ ಓರೆಯಾಗಿ ಬರುವ ಮಳೆಯನ್ನು ತಡೆದು ಕಿಟಕಿಯನ್ನು ತೆರೆದಿಡಲು ಬಿಡುವುದು ಆಳವಾದ ಸೂರು ಮಾತ್ರ. ಅದು ಬಿಸಿಲು ತಡೆದು ಉಳಿಸುವ ಕರೆಂಟು ಒಂದು ಪಾಲು. ಕಿಟಕಿ ತೆರೆದಿಟ್ಟು ಏಸಿಯನ್ನೇ ಆರಿಸಿಬಿಡುವ ಉಳಿತಾಯ ಇನ್ನೊಂದು ಪಾಲು. ಈ ಎರಡನೆಯದಕ್ಕೆ ನೆರಳಿನ ಸೂತ್ರದಲ್ಲಿ ಅಂಕವಿಲ್ಲ. ಸಹಜ ಗಾಳಿಯ ವಿಷಯ ಬಂದಾಗ ಸಂಹಿತೆ ರಾಷ್ಟ್ರೀಯ ಕಟ್ಟಡ ಸಂಹಿತೆಯತ್ತ ಕೈ ತೋರಿಸಿ ಮುಂದೆ ಸಾಗುತ್ತದೆ.

ಇದು ಬ್ಯೂರೊಗೆ ತಿಳಿಯದ ಸಂಗತಿಯೆಂದು ಹೇಳುವಂತೆಯೂ ಇಲ್ಲ. ಅದೇ ಬ್ಯೂರೊ 2018ರಲ್ಲಿ ವಸತಿ ಕಟ್ಟಡಗಳಿಗಾಗಿ ಇಕೋ ನಿವಾಸ ಸಂಹಿತೆ ತಂದಿತು. ಬಿಸಿ-ತೇವದ ವಲಯದಲ್ಲಿ ತೆರೆಯಲು ಬರುವ ಕಿಟಕಿ ಬಾಗಿಲುಗಳ ವಿಸ್ತೀರ್ಣ ನೆಲದ ಶೇ. 16.66ಕ್ಕೆ ಕಡಿಮೆ ಇರಬಾರದು ಎಂದು ಅದರಲ್ಲಿದೆ. ಬಿಸಿ-ಒಣ ವಲಯಕ್ಕೆ ಶೇ. 10 ಸಾಕು. ಕರಾವಳಿಗೆ ಗಾಳಿ ಹೆಚ್ಚು ಬೇಕೆಂಬುದನ್ನು ಇಷ್ಟು ನೇರವಾಗಿ ಒಪ್ಪಿದ ಸಂಸ್ಥೆ, ಮನೆಯ ಪಕ್ಕದ ಅಂಗಡಿಗೆ ಬಂದಾಗ ಗಾಜಿನ ಕೋಷ್ಟಕವನ್ನು ಮುಂದೆ ಹಿಡಿಯುವುದೇಕೆ?

‘ವಾಣಿಜ್ಯ ಕಟ್ಟಡ ಅಂದ ಮೇಲೆ ಏಸಿ ಇದ್ದೇ ಇರುತ್ತದೆ’ ಎನ್ನುವುದು ಹಸಿರು ಪ್ರಮಾಣಪತ್ರದ ಸಲಹೆಗಾರರ ಉತ್ತರ. ಈ ಉತ್ತರವೇ ಸಂಹಿತೆಯ ಕಾಯಿಲೆ. ಬ್ಯಾಂಕಿನ ಸರ್ವರ್ ಕೋಣೆಗೆ ಏಸಿ ಬೇಕು, ಜವಳಿ ಅಂಗಡಿಗೆ ಮಳೆಗಾಲದಲ್ಲೂ ಒಣ ಗಾಳಿ ಬೇಕು, ಒಪ್ಪೋಣ. ಕ್ಲಿನಿಕ್ಕಿನ ಕಾಯುವ ಜಾಗಕ್ಕೆ, ಮದುವೆ ಹಾಲಿಗೆ, ಟ್ಯೂಷನ್ ಕ್ಲಾಸಿಗೆ, ಹೋಟೆಲಿನ ಊಟದ ಕೋಣೆಗೆ ವರ್ಷವಿಡೀ ಏಕೆ ಬೇಕು? ತೆರೆದ ಕಿಟಕಿಯ ಕಟ್ಟಡದಲ್ಲಿ ಜನ ಹೆಚ್ಚಿನ ಶಾಖಕ್ಕೂ ಒಗ್ಗಿ ನೆಮ್ಮದಿಯಾಗಿರುತ್ತಾರೆಂಬ ಮಾದರಿಯನ್ನು ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದವರು ಭಾರತದ ಕಚೇರಿಗಳಲ್ಲೇ ಅಧ್ಯಯನ ಮಾಡಿ ರೂಪಿಸಿದ್ದಾರೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಅದನ್ನು ಸೇರಿಸಿಕೊಂಡಿದೆ. ವಿಜ್ಞಾನ ಕೈಯಲ್ಲಿದ್ದೂ ಅದನ್ನು ವಿನ್ಯಾಸದ ಕೇಂದ್ರಕ್ಕೆ ತರದ ಸಲಹೆಗಾರರ ಮೇಲೆ ನನಗೆ ನಿಜವಾದ ಸಿಟ್ಟಿದೆ.

ಎದುರು ಪಾಳೆಯದ ವಿಮರ್ಶಕರ ಜೊತೆಗೂ ನನ್ನ ಜಗಳವಿದೆ, ಇದು ಇನ್ನೂ ಹಳೆಯದು. ಸಂಹಿತೆಯನ್ನು ಬೈಯುವಾಗಲೆಲ್ಲ ಇವರು ಹಳೆಯ ಮನೆಯ ದಪ್ಪ ಮುರಕಲ್ಲಿನ ಗೋಡೆಯನ್ನು ಹೊಗಳುತ್ತಾರೆ, ಆ ಗೋಡೆಯೇ ತಂಪು ಕೊಡುತ್ತಿತ್ತು ಎನ್ನುತ್ತಾರೆ. ದಪ್ಪ ಗೋಡೆ ತಂಪಾಗುವುದು ಹಗಲು ಸುಟ್ಟು ರಾತ್ರಿ ಚಳಿ ಬೀಳುವ ಊರಿನಲ್ಲಿ. ಕಲಬುರಗಿ, ವಿಜಯಪುರದ ಕಡೆ ಆ ಮಾತು ಸಲ್ಲುತ್ತದೆ. ಕಡಲ ಬದಿಯಲ್ಲಿ ಹಗಲಿಗೂ ಇರುಳಿಗೂ ಅಂತರ ಸಣ್ಣದು. ಹಗಲು ಕುಡಿದ ಶಾಖವನ್ನು ಗೋಡೆ ಉಗುಳಬೇಕಾದ ಹೊತ್ತಿಗೆ ಹೊರಗೂ ಸೆಕೆಯೇ. ಹಳೆಯ ಮನೆ ತಂಪಾಗಿದ್ದದ್ದು ಸೂರಿನಿಂದ, ಹಂಚುಗಳ ಸಂದಿಯಲ್ಲಿ ಮೇಲೆ ಹೋಗುತ್ತಿದ್ದ ಬಿಸಿಗಾಳಿಯಿಂದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹಲವು ಕಟ್ಟಡಗಳನ್ನು ರೂಪಿಸಿದ, ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿದ್ದ ಓಟ್ಟೋ ಕ್ಯೋನಿಗ್ಸ್‌ಬರ್ಗರ್ ಸಂಗಡಿಗರೊಡನೆ 1974ರಲ್ಲಿ ತಂದ ಉಷ್ಣವಲಯದ ಕಟ್ಟಡಗಳ ಕೈಪಿಡಿಯೂ ಬಿಸಿ-ತೇವದ ನಾಡಿಗೆ ನೆರಳು, ಗಾಳಿ, ಹಗುರ ರಚನೆ ಎಂದೇ ಹೇಳುತ್ತದೆ. ಗೋಡೆಯನ್ನು ಪೂಜಿಸುವವರು ಸೂರನ್ನು ಮರೆಯುವುದರಿಂದ ಆಗುವ ಹಾನಿ ಸಣ್ಣದಲ್ಲ: ಮುರಕಲ್ಲಿನ ಚೂರುಗಳನ್ನು ಅಂಟಿಸಿದ ಮುಂಗೋಡೆ, ಅದರ ನಡುವೆ ಅದೇ ಮುಚ್ಚಿದ ಗಾಜು ಇಟ್ಟ ರೆಸಾರ್ಟುಗಳು ‘ಸಾಂಪ್ರದಾಯಿಕ’ ಎಂಬ ಹೆಸರಿನಲ್ಲಿ ಏಳುತ್ತಿವೆ. ಸಂಹಿತೆಯೂ ಗೋಡೆಯ ಬಗ್ಗೆ ಇದೇ ಭ್ರಮೆಯಲ್ಲಿದೆ. ಗೋಡೆಯ ಮೂಲಕ ಶಾಖ ದಾಟುವ ಪ್ರಮಾಣಕ್ಕೆ ಅದು ಹಾಕಿದ ಕಟ್ಟುನಿಟ್ಟು, ಒಳ ಹೊರ ಶಾಖದ ಅಂತರ ಕಡಿಮೆ ಇರುವ ಊರಿನಲ್ಲಿ ಹಣಕ್ಕೆ ತಕ್ಕ ಫಲ ಕೊಡುವುದಿಲ್ಲ.

ಬೆಂಗಳೂರಿನವರು ಉದಾಹರಿಸುವ ದೊಮ್ಮಲೂರಿನ ಟೆರಿ ಕಟ್ಟಡವನ್ನು, ಸಂಜಯ್ ಮೋಹೆ ಅವರ ವಿನ್ಯಾಸವನ್ನು, ನಾನೂ ಮೆಚ್ಚುತ್ತೇನೆ. ಬಿಸಿಯಾದ ತೆಂಕು ಗೋಡೆ ಗಾಳಿಯನ್ನು ಮೇಲಕ್ಕೆಳೆದು, ಬಡಗಿನಿಂದ ತಂಪು ಗಾಳಿ ಒಳಬರುವ ಆ ಉಪಾಯ ಬುದ್ಧಿವಂತಿಕೆಯದು. ಅದು ಸಮಶೀತೋಷ್ಣ ವಲಯದ ಉತ್ತರ. ಎರಚಲಿನ ಪ್ರಶ್ನೆ ಅಲ್ಲಿ ಏಳುವುದಿಲ್ಲ.

ಮಾಡಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ತಂಪು ಮಾಡು ಎನಿಸಿಕೊಳ್ಳಲು, ಇಳಿಜಾರು 20 ಡಿಗ್ರಿಗಿಂತ ಕಡಿಮೆ ಇರುವ ಮಾಡು ಆರಂಭದಲ್ಲಿ ಬಿಸಿಲಿನ ಕನಿಷ್ಠ 0.6 ಪಾಲನ್ನು ಹಿಂದಕ್ಕೆ ಎಸೆಯಬೇಕು. ಬಿಳಿ ಬಣ್ಣ ಬಳಿದ ತಾರಸಿ ಇಲ್ಲಿ ಒಂದು ಮಳೆಗಾಲ ಕಳೆಯುವುದರೊಳಗೆ ಪಾಚಿ ಹಿಡಿದು ಕಪ್ಪಾಗುತ್ತದೆ. ಆರಂಭದ ಅಳತೆ ಇಲ್ಲಿ ಯಾವ ಕೆಲಸಕ್ಕೆ? ಊರಿನವರು ತಮ್ಮದೇ ಉಪಾಯ ಕಂಡುಕೊಂಡಿದ್ದಾರೆ: ಸ್ಲ್ಯಾಬಿನ ಮೇಲೆ ಕಬ್ಬಿಣದ ಚೌಕಟ್ಟು, ಅದರ ಮೇಲೆ ಇಳಿಜಾರಾಗಿ ತಗಡಿನ ಶೀಟು. ಸೋರುವುದನ್ನು ತಡೆಯಲು ಹಾಕಿದ್ದು, ಸ್ಲ್ಯಾಬಿಗೆ ವರ್ಷವಿಡೀ ನೆರಳನ್ನೂ ನಡುವೆ ಗಾಳಿಯನ್ನೂ ಕೊಡುತ್ತದೆ. ವಾಸ್ತುಶಿಲ್ಪಿಗಳು ಅದನ್ನು ಕುರೂಪ ಎನ್ನುತ್ತಾರೆ. ಈ ಶೀಟ್ ಮಾಡು ಗೋಡೆಯಾಚೆಗೆ ಆರಡಿ ಚಾಚಿಕೊಂಡರೆ ಕೆಳಗಿನ ಕಿಟಕಿಗೂ ಸೂರು ಸಿಗುತ್ತದೆ.

1ನ್ನು ಮೀರಿದ ಸೂರಿಗೂ ನಡೆಯುವ ಸೂತ್ರ, ಸೂರಿನಡಿಯ ತೆರೆದ ಕಿಟಕಿಗೆ ಪ್ರತ್ಯೇಕ ಅಂಕ: ಇವೆರಡನ್ನೂ ಸೇರಿಸಲು ದೆಹಲಿಯನ್ನು ಕಾಯಬೇಕಿಲ್ಲ. 2001ರ ಇಂಧನ ಸಂರಕ್ಷಣಾ ಕಾಯಿದೆಯ 15ನೇ ಕಲಮು ಸಂಹಿತೆಯನ್ನು ಸ್ಥಳೀಯ ಹವಾಮಾನಕ್ಕೆ ತಕ್ಕಂತೆ ತಿದ್ದುವ ಅಧಿಕಾರವನ್ನು ರಾಜ್ಯಕ್ಕೇ ಕೊಟ್ಟಿದೆ, ಅನುಷ್ಠಾನಕ್ಕೆ ಕ್ರೆಡಲ್ ಇದೆ. ಕರಾವಳಿಗೆಂದು ಒಂದು ಅಧ್ಯಾಯ ಬರೆಯಬಹುದು. ಬರೆಯುವವರು ಒಂದು ತೊಡಕನ್ನು ಬಿಡಿಸಲೇಬೇಕು. ಜಗಲಿಗೆ ಬಾಡಿಗೆ ಬರುವುದಿಲ್ಲ. ಹೆದ್ದಾರಿ ಬದಿಯ ಸೈಟಿನಲ್ಲಿ ಮಾಲೀಕ ಆರಡಿಯನ್ನು ನೆರಳಿಗೆ ಬಿಟ್ಟರೆ ಅಷ್ಟು ಅಂಗಡಿ ಕಳೆದುಕೊಳ್ಳುತ್ತಾನೆ, ಸೆಟ್‌ಬ್ಯಾಕಿನೊಳಗೆ ಚಾಚಿದರೆ ಪರವಾನಿಗೆಯ ತಕರಾರು. ಬದಿ ತೆರೆದ ಜಗಲಿಯನ್ನು ಕಟ್ಟಡದ ವಿಸ್ತೀರ್ಣದ ಲೆಕ್ಕದಿಂದ ಹೊರಗಿಟ್ಟು, ಸೆಟ್‌ಬ್ಯಾಕಿನಲ್ಲಿ ಅದಕ್ಕೆ ಜಾಗ ಕೊಡುವ ತನಕ ಪಂಚಾಯತಿಗೆ ಬರುವ ನಕ್ಷೆಗಳಲ್ಲಿ ಎರಡಡಿಯ ಸನ್‌ಶೇಡೇ ಇರುತ್ತದೆ.